ಹರಪನಹಳ್ಳಿ ಯಾವ ಫೋಲ್ಡರಿಗೆ ಸೇರಬೇಕು?

ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದಕ್ಕೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಊರು ಒಂದಡಿಯೂ ಕದಲಲಿಲ್ಲ. ಕಾಗದದ ಮೇಲಿನ ಜಿಲ್ಲೆ ಮಾತ್ರ ಮೂರು ಸಲ ಬದಲಾಯಿತು.

ನಮ್ಮ ಭಾಗದ ಊರು, ಕೆರೆ, ಕೋಟೆ, ಶಾಸನಗಳ ಬಗ್ಗೆ ಬರೆದು, ಅದನ್ನು ಬರೀ ಅಕ್ಷರಗಳಷ್ಟೇ ಇರುವ ಪ್ಲೈನ್ ಟೆಕ್ಸ್ಟ್ ಫೈಲುಗಳಲ್ಲಿಟ್ಟು ಜಾಲತಾಣ ಮಾಡುವುದು ಒಳ್ಳೆಯ ದಾರಿ. ಯಾವ ಸಾಫ್ಟ್‌ವೇರ್ ನಿಂತುಹೋದರೂ ಫೈಲು ತೆರೆಯುತ್ತದೆ. ಹಳೇ ಡಿಟಿಪಿ ಫೈಲು ಫಾಂಟ್ ಸಿಗದೆ ಅಕ್ಷರವೆಲ್ಲ ಕಲಸಿಹೋದದ್ದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಇಲ್ಲಿ ಫೈಲು ಯಾವ ಫೋಲ್ಡರಿನಲ್ಲಿದೆಯೋ ಅದೇ ಸಾಮಾನ್ಯವಾಗಿ ಪುಟದ ವಿಳಾಸವೂ ಆಗುತ್ತದೆ. ಜಿಲ್ಲೆಗೊಂದು ಫೋಲ್ಡರ್ ಮಾಡಿಟ್ಟರೆ, ಹರಪನಹಳ್ಳಿಯ ಫೈಲನ್ನು ಎತ್ತಿ ಬೇರೆ ಕಡೆ ಹಾಕಿದ ದಿನವೇ ಅದಕ್ಕೆ ಯಾರ್ಯಾರೋ ಕೊಟ್ಟಿದ್ದ ಲಿಂಕುಗಳೆಲ್ಲ ಸತ್ತಂತೆ. ಹೀಗ್ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯಾರು ಬರೆದರು, ಎಲ್ಲಿಂದ, ಯಾರಿಗೆ ಎಂಬ ವಿವರವನ್ನು ಬರಹದ ಜೊತೆಗೇ ಇಡುವುದು ಬಹಳ ಹಳೆಯ ಪದ್ಧತಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನೇ ನೋಡಿ. ಅದು ಸುವರ್ಣಗಿರಿಯಿಂದ, ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಅಧಿಕಾರಿಗಳ) ಕಡೆಯಿಂದ, ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಅಂತ ಶುರುವಾಗುತ್ತದೆ. ಕೊನೆಯಲ್ಲಿ ಬರೆದವನು ಚಪಡ ಎಂದಿದೆ. ಅವನ ಕೆಲಸ ಲಿಪಿಕಾರ ಎಂಬುದು ಖರೋಷ್ಠಿ ಲಿಪಿಯಲ್ಲಿದೆ, ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿ. ರಾಜಾಜ್ಞೆ ನಡುವೆ, ಅದರ ಬಗೆಗಿನ ವಿವರ ತುದಿಗಳಲ್ಲಿ. ಇವತ್ತು ಇದಕ್ಕೇ ಮೆಟಾಡೇಟಾ ಅನ್ನುತ್ತೇವೆ.

ಕಂಪ್ಯೂಟರಿನಲ್ಲಿ ಈ ಕ್ರಮ ಗಟ್ಟಿಯಾದದ್ದು ಇಮೇಲ್‌ನಿಂದ. 1982ರ ಆರ್‌ಎಫ್‌ಸಿ 822 ಎಂಬ ದಾಖಲೆ ಇಮೇಲಿನ ತಲೆಬರಹಕ್ಕೆ ನಿಯಮ ಹಾಕಿಕೊಟ್ಟಿತು: ಹೆಸರು, ಕೋಲನ್, ವಿವರ, ಆಮೇಲೆ ಒಂದು ಖಾಲಿ ಸಾಲು, ಅದರ ಕೆಳಗೆ ವಿಷಯ. ಎಷ್ಟು ಸರಳ ಅಲ್ವಾ? 2000ದ ಆಚೀಚೆ ಪ್ಲೈನ್ ಟೆಕ್ಸ್ಟ್ ಬರವಣಿಗೆಯ ಹಲವು ಪದ್ಧತಿಗಳು ಒಂದರ ಹಿಂದೆ ಒಂದು ಬಂದವು. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಫೈಲಿನ ಮೇಲ್ಭಾಗದಲ್ಲೇ ಲೇಖಕ, ದಿನಾಂಕಕ್ಕೆ ಜಾಗ ಕೊಟ್ಟಿತು. 2004ರಲ್ಲಿ ಜಾನ್ ಗ್ರೂಬರ್, ಆರನ್ ಸ್ವಾರ್ಟ್ಜ್ ನೆರವಿನೊಂದಿಗೆ ಮಾರ್ಕ್‌ಡೌನ್ ಹೊರತಂದರು. ಎಲ್ಲರಿಗಿಂತ ಹೆಚ್ಚು ಗೆದ್ದದ್ದು ಇದೇ. ಆದರೆ ಇದರಲ್ಲಿ ಮೆಟಾಡೇಟಾಗೆ ಜಾಗವೇ ಇರಲಿಲ್ಲ.

ನನ್ನ ಪ್ರಕಾರ ಇವತ್ತಿನ ತೊಡಕಿನ ಬೇರು ಇಲ್ಲಿದೆ. ಖಾಲಿ ಬಿಟ್ಟ ಜಾಗವನ್ನು ಒಬ್ಬೊಬ್ಬರು ಒಂದೊಂದು ಥರ ತುಂಬಿದರು. ಮಲ್ಟಿಮಾರ್ಕ್‌ಡೌನ್ ಎಂಬ ವಿಸ್ತರಿತ ರೂಪ ಇಮೇಲ್ ದಾರಿ ಹಿಡಿಯಿತು. 2008ರಲ್ಲಿ ಬಂದ, ಇಂಥ ಫೈಲುಗಳಿಂದ ಜಾಲತಾಣ ಮಾಡಿಕೊಡುವ ಜೆಕಿಲ್, ಮೇಲೊಂದು ಕೆಳಗೊಂದು ಮೂರು ಅಡ್ಡಗೆರೆ (---) ಹಾಕಿ, ಅವುಗಳ ನಡುವೆ ಯಾಮಲ್ ಎಂಬ ಹೆಸರು-ವಿವರದ ರೀತಿಯಲ್ಲಿ ಬರೆಯಿರಿ ಅಂದಿತು. ಇದೇ ರೂಢಿಯಾಯಿತು. 2014ರಲ್ಲಿ ಮಾರ್ಕ್‌ಡೌನ್‌ಗೆ ಖಚಿತ ನಿಯಮ ಬರೆಯಲು ಹೊರಟ ಕಾಮನ್‌ಮಾರ್ಕ್ ಕೂಡ ಈ ಭಾಗವನ್ನು ಮುಟ್ಟಲಿಲ್ಲ. ಹಾಗಾಗಿ ಈ ರೂಢಿ ಗೊತ್ತಿಲ್ಲದ ಸಾಫ್ಟ್‌ವೇರಿಗೆ ಅದೇ ಫೈಲು ಕೊಟ್ಟರೆ, ಮೊದಲ ಮೂರು ಗೆರೆ ಪುಟದಗಲದ ಒಂದು ಗೀಟಾಗುತ್ತದೆ. ಲೇಖಕರ ಹೆಸರು, ದಿನಾಂಕ ಎಲ್ಲ ಸೇರಿ ದಪ್ಪಕ್ಷರದ ಉಪಶೀರ್ಷಿಕೆಯಾಗಿ ಓದುಗರ ಮುಂದೆ ಬಂದು ಕೂರುತ್ತದೆ.

ಯಾಮಲ್‌ಗೂ ಅದರದೇ ಹಟವಿದೆ. ಹೀಗೆ ಬರೆಯಿರಿ:

ಶೀರ್ಷಿಕೆ: ಚಿತ್ರದುರ್ಗ: ಏಳು ಸುತ್ತಿನ ಕೋಟೆ

ಒಂದೇ ಸಾಲಿನಲ್ಲಿ ಎರಡನೇ ಸಲ ಕೋಲನ್, ಅದರ ಪಕ್ಕ ಖಾಲಿ ಜಾಗ ಬಂತು. ಅಲ್ಲಿಗೆ ಫೈಲು ಓದುವುದೇ ನಿಂತಿತು. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸಾಕು, ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಬಹಳ.

ಇನ್ನು ಲಿಂಕು. ಮಾರ್ಕ್‌ಡೌನ್‌ನಲ್ಲಿ ಚೌಕ ಆವರಣದಲ್ಲಿ ಮಾತು, ದುಂಡು ಆವರಣದಲ್ಲಿ ವಿಳಾಸ. ಓದಲು ಹಿತ. ಆದರೆ ಆ ವಿಳಾಸ ಇದೆಯೋ ಇಲ್ಲವೋ ಅಂತ ಮಾರ್ಕ್‌ಡೌನ್ ನೋಡುವುದಿಲ್ಲ. 2008ರಲ್ಲೇ ಬಂದ ಸ್ಫಿಂಕ್ಸ್ ಎಂಬ ಸಾಫ್ಟ್‌ವೇರ್ ಇದಕ್ಕಿಂತ ಜಾಣತನ ತೋರಿಸಿತು. ಅದರಲ್ಲಿ ಒಂದು ಭಾಗಕ್ಕೆ ನಾವೇ ಹೆಸರಿಟ್ಟು, ಬೇರೆ ಫೈಲಿನಿಂದ ಆ ಹೆಸರಿಗೆ ಲಿಂಕು ಕೊಡಬಹುದು. ಫೈಲು ಎಲ್ಲಿಗೆ ಹೋದರೂ ಲಿಂಕು ಹಿಂಬಾಲಿಸುತ್ತದೆ. ಹೆಸರು ಸಿಗದಿದ್ದರೆ ಎಚ್ಚರಿಕೆ ಕೊಡುತ್ತದೆ.

ಕನ್ನಡಕ್ಕೆ ಮಾತ್ರ ಕಷ್ಟ ಇನ್ನೂ ಜಾಸ್ತಿ. ಶೀರ್ಷಿಕೆಯಿಂದಲೇ ವಿಳಾಸದ ತುಣುಕು ತಯಾರಿಸುವುದು ಈ ವ್ಯವಸ್ಥೆಗಳ ಅಭ್ಯಾಸ. ಅದಕ್ಕೆ ಸ್ಲಗ್ ಅನ್ನುತ್ತಾರೆ. ಅಕ್ಷರ, ಅಂಕಿ ಬಿಟ್ಟು ಉಳಿದದ್ದನ್ನು ತೆಗೆದುಹಾಕು ಎಂಬುದು ಅದರ ಸೂತ್ರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಮೂಲಿ ಲೆಕ್ಕದಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರಗಳೇ ಅಲ್ಲ. ಹಾಗಾಗಿ ದಾವಣಗೆರೆ ಹೋಗಿ ದವಣಗರ ಆಗಬಹುದು. ಹಳೆಯ ಕೆಲವು ಸಾಧನಗಳು ಇಂಗ್ಲಿಷ್ ಅಕ್ಷರವನ್ನಷ್ಟೇ ಉಳಿಸಿಕೊಳ್ಳುತ್ತವೆ. ಕನ್ನಡ ಶೀರ್ಷಿಕೆ ಪೂರ್ತಿ ಮಾಯವಾಗಿ, ಬರೀ ಕ್ರಮಸಂಖ್ಯೆ ಉಳಿಯುತ್ತದೆ. ನಡುವೆ ಒಂದು ಹೊಸ ಶೀರ್ಷಿಕೆ ಸೇರಿಸಿದರೆ ಕೆಳಗಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಆಗ ಲಿಂಕು ಸಾಯುವುದಿಲ್ಲ, ತಪ್ಪು ಜಾಗಕ್ಕೆ ಕರೆದೊಯ್ಯುತ್ತದೆ. ಅದು ಇನ್ನೂ ಕೆಟ್ಟದ್ದು.

ಕನ್ನಡ ವಿಳಾಸ ಸರಿಯಾಗಿ ಉಳಿದರೂ ನಕಲು ಮಾಡಿ ಕಳಿಸುವಾಗ ಇನ್ನೊಂದು ರಗಳೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ, ಅಂದರೆ ಒಂದು ಮೂಲಾಕ್ಷರ ಅಥವಾ ಕಾಗುಣಿತದ ಚಿಹ್ನೆಗೆ, 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಗುರುತಿನೊಂದಿಗೆ 3 ಚಿಹ್ನೆಯಾಗುತ್ತದೆ. ದಾವಣಗೆರೆ ಎಂಬಲ್ಲಿ 8 ಸಂಕೇತಗಳಿವೆ, ಅಂದರೆ 72 ಚಿಹ್ನೆ. ಚಿತ್ರದುರ್ಗಕ್ಕೆ 90. ವಾಟ್ಸಾಪ್‌ನಲ್ಲಿ ಬಂದ ಅಂಥ ಲಿಂಕು ನೋಡಿ ಯಾರಿಗೂ ಒತ್ತಲು ಧೈರ್ಯ ಬರುವುದಿಲ್ಲ.

ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು: ಮುಂದೆ ಬದಲಾಗಬಹುದಾದ ಯಾವುದನ್ನೂ ವಿಳಾಸದೊಳಗೆ ಸೇರಿಸಬೇಡಿ ಅಂತ. ಲೇಖಕರ ಹೆಸರು, ವಿಷಯ ವಿಂಗಡಣೆ, ಫೈಲಿನ ಬಗೆ ಯಾವುದೂ ಬೇಡ. ನಮ್ಮ ಶಾಸನ ಓದುವವರಿಗೆ ಇದು ಮೊದಲೇ ರೂಢಿ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಆವೃತ್ತಿಯಲ್ಲಿ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಜೊತೆ ಒಂದು ಸಂಖ್ಯೆ. ದಾವಣಗೆರೆ ಬೇರೆ ಜಿಲ್ಲೆಯಾಗಿ ಇಷ್ಟು ವರ್ಷವಾದರೂ, ಅದರ ಶಾಸನಗಳನ್ನು ಆ ಸಂಪುಟದ ಸಂಖ್ಯೆಯಿಂದಲೇ ಉಲ್ಲೇಖಿಸುತ್ತಾರೆ. ಜಿಲ್ಲೆ ಬದಲಾಯಿತು ಅಂತ ಯಾರೂ ಸಂಖ್ಯೆ ತಿದ್ದಲಿಲ್ಲ.

ನಾವೂ ಹಾಗೇ ಮಾಡಬೇಕು. ಪ್ರತಿ ಫೈಲಿಗೂ ಒಂದು ಚಿಕ್ಕ ಕಾಯಂ ಗುರುತು ಕೊಟ್ಟು, ಅದನ್ನೇ ವಿಳಾಸ ಮಾಡಬೇಕು. ಜಿಲ್ಲೆ, ತಾಲ್ಲೂಕು, ವಿಷಯ ಎಲ್ಲ ಮೆಟಾಡೇಟಾದ ಸಾಲುಗಳಾಗಿರಲಿ. ಬದಲಾದರೆ ಒಂದು ಸಾಲು ತಿದ್ದಿದರೆ ಮುಗಿಯಿತು. ಈಗಾಗಲೇ ಹಳೆಯ ವಿಳಾಸ ಹೊರಗೆ ಹೋಗಿದ್ದರೆ, ಜೆಕಿಲ್ ಥರದ್ದೇ ಆದ ಹ್ಯೂಗೋದಂಥ ವ್ಯವಸ್ಥೆಯಲ್ಲಿ ಅದನ್ನೂ ಫೈಲಿನ ತಲೆಯಲ್ಲೇ ಬರೆದಿಡಬಹುದು. ಹಳೇ ಲಿಂಕು ಒತ್ತಿದವರು ಹೊಸ ಪುಟಕ್ಕೆ ಬರುತ್ತಾರೆ.

ಹೊರಗಿನ ಲಿಂಕು ನಮ್ಮ ಕೈಯಲ್ಲಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದಂತೆ, 2013ರಲ್ಲಿದ್ದ ಪುಟಗಳಲ್ಲಿ 38 ಶೇಕಡಾ ಹತ್ತು ವರ್ಷದಲ್ಲಿ ಇಲ್ಲವಾಗಿದ್ದವು. ಅದಕ್ಕೆ ಬರೀ ವಿಳಾಸ ಕೊಟ್ಟು ಬಿಡಬಾರದು. ಪುಟದ ಶೀರ್ಷಿಕೆ, ಬರೆದವರ ಹೆಸರು, ನಾವು ನೋಡಿದ ತಾರೀಕು ಪಕ್ಕದಲ್ಲೇ ಇರಲಿ. ಆ ಪುಟದ ಒಂದು ಪ್ರತಿಯನ್ನು, ಜಾಲಪುಟಗಳನ್ನು ಕಾಪಾಡಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿ, ಅದರ ವಿಳಾಸವನ್ನೂ ಜೊತೆಗೆ ಹಾಕಿ.