ಮೇನ್ ಆಫ್ ಮಾಡಿದರೂ ಮನೆಯಲ್ಲಿ ಕರೆಂಟ್ ಇರುತ್ತದೆ

ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅನ್ನುವ ಸೀಮೆ ನಮ್ಮದು. ಹಾಗಾಗಿ ಚಿಕ್ಕಬಳ್ಳಾಪುರದಲ್ಲಿ ಮನೆ ಕಟ್ಟುವವರು ನೀರು ಒಳಗೆ ನುಗ್ಗೀತು ಅಂತ ಯೋಚಿಸುವುದೇ ಕಡಿಮೆ. ಪ್ಲಗ್ ಪಾಯಿಂಟ್ ನೆಲದಿಂದ ಒಂದು ಗೇಣು ಮೇಲೆ, ಇನ್ವರ್ಟರ್ ನೆಲದ ಮೇಲೆ. 2021ರ ನವೆಂಬರ್‌ನಲ್ಲಿ ಕೆರೆಗಳು ಕೋಡಿ ಹರಿದಾಗ ಇದು ಎಷ್ಟು ಅಪಾಯ ಅಂತ ಗೊತ್ತಾಯಿತು.

ಆ ವಾರ ವೈರಿಂಗ್ ನೋಡಲು ಒಂದು ಮನೆಗೆ ಹೋಗಿದ್ದೆ. ನೀರು ಇಳಿದು ಹಾಲ್ ತುಂಬ ಕೆಸರು. "ಮೇನ್ ಆಫ್ ಮಾಡಿದೀನಿ, ಬನ್ನಿ ಅಣ್ಣ" ಅಂದರು ಮನೆಯಮ್ಮ. ಒಳಗೆ ನೋಡಿದರೆ ಅಡುಗೆಮನೆಯ ಟ್ಯೂಬ್‌ಲೈಟ್ ಉರಿಯುತ್ತಿದೆ! ಇನ್ವರ್ಟರ್ ಓಡುತ್ತಿತ್ತು. ಅವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರು. ನನಗೆ ಎದೆ ಝಲ್ಲೆಂದಿತು.

ಬ್ಯಾಟರಿ 12 ವೋಲ್ಟ್‌ದೇ ಇರಬಹುದು. ಆದರೆ ಇನ್ವರ್ಟರ್‌ನಿಂದ ಹೊರಬರುವುದು ಕಂಬದ ಲೈನ್‌ನಷ್ಟೇ, ಸುಮಾರು 230 ವೋಲ್ಟ್. ನೀರು ಅಂಗಳಕ್ಕೆ ಬರುವ ಮೊದಲೇ ಮೇನ್ ಆಫ್ ಮಾಡಿ, ಆಮೇಲೆ ಇನ್ವರ್ಟರ್‌ನ ಸ್ವಿಚ್ಚನ್ನೂ ಆಫ್ ಮಾಡಿ. ಎರಡೂ ಆಗಬೇಕು. ನೀರು ಆಗಲೇ ಒಳಗೆ ಬಂದಿದ್ದರೆ ಬೋರ್ಡ್ ಹತ್ತಿರ ಹೋಗಲೇಬೇಡಿ. ಹೊರಗೆ ಬಂದು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್ ಕಡಿತ ಮಾಡಲು ಹೇಳಿ. ಬಿಲ್‌ನಲ್ಲಿರುವ ಆರ್‌ಆರ್ ನಂಬರನ್ನು ಫೋನ್‌ನಲ್ಲಿ ಇಟ್ಟುಕೊಂಡಿದ್ದರೆ ಆಗ ಹುಡುಕುವ ಕೆಲಸ ಇರುವುದಿಲ್ಲ.

"ಎಂಸಿಬಿ ಇದೆಯಲ್ಲ, ಅದೇ ಬೀಳುತ್ತೆ" ಅನ್ನುವವರು ಜಾಸ್ತಿ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್. ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ. 16 ಆಂಪ್‌ನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ಜೀವಕ್ಕೆ ಅದರ ನೂರರಲ್ಲೊಂದು ಭಾಗವೇ ಸಾಕು. ಅದಕ್ಕೇ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಬೇಕು. ಅಷ್ಟು ಸಣ್ಣ ಸೋರಿಕೆಗೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಅದರ ಮೇಲಿರುವ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಮೇನ್ ಬೋರ್ಡಿನ ಆರ್‌ಸಿಸಿಬಿ ಸಾಮಾನ್ಯವಾಗಿ ಕಂಬದಿಂದ ಬರುವ ಲೈನ್‌ನಲ್ಲಿ, ಇನ್ವರ್ಟರ್‌ಗಿಂತ ಮೊದಲೇ ಇರುತ್ತದೆ. ಬ್ಯಾಟರಿಯಲ್ಲಿ ಮನೆ ನಡೆಯುವಾಗ ಅದು ಕಾಯುತ್ತದೆ ಅಂತ ನಂಬಬೇಡಿ. ಇನ್ವರ್ಟರ್ ಲೈನ್‌ಗೆ ಬೇರೆ ಏನು ಹಾಕಬೇಕು ಅಂತ ವೈರಿಂಗ್ ಮಾಡುವವರನ್ನೇ ಕೂರಿಸಿ ಕೇಳಿ.

ನೀರು ಇಳಿದ ಮೇಲೆ ಸ್ವಿಚ್ ಹಾಕಲು ಕೈ ತುರಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಆ ಮನೆಯಲ್ಲಿ ಮೂರನೇ ದಿನ ಒಂದು ಸಾಕೆಟ್ ಬಿಚ್ಚಿದೆ. ಹೊರಗೆ ಒಣಗಿ ಬೆಳ್ಳಗಿತ್ತು. ಒಳಗೆ ಹಿತ್ತಾಳೆ ಪಿನ್‌ಗಳ ನಡುವೆ ಕೆಸರು ಇನ್ನೂ ಹಸಿ. ಬಾಕ್ಸ್ ತಳದಲ್ಲಿ ಒಂದು ಲೋಟದಷ್ಟು ನೀರು. ಮುಳುಗಿದ ಸಾಕೆಟ್, ಸ್ವಿಚ್, ಎಂಸಿಬಿ ಎಲ್ಲ ಬದಲಾಯಿಸಿ, ವೈರಿಗೆ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಲೈನ್‌ಗೆ ಕರೆಂಟ್ ಕೊಡಬಾರದು. ಸಂಪಿನ ಮೋಟಾರ್, ಫ್ರಿಜ್ ಮುಳುಗಿದ್ದರೆ ಅವನ್ನೂ ಹೀಗೇ ಪರೀಕ್ಷಿಸದೆ ಆನ್ ಮಾಡಬೇಡಿ.

ಆಮೇಲೆ ಅವರು ಪ್ಲಗ್ ಪಾಯಿಂಟ್‌ಗಳನ್ನು ಸೊಂಟದ ಎತ್ತರಕ್ಕೆ ಏರಿಸಿದರು. ಕೆಳಗಿನ ಲೈನ್‌ಗೆ ಬೇರೆ ಎಂಸಿಬಿ ಹಾಕಿಸಿದರು. ಇನ್ವರ್ಟರ್ ಈಗ ಕಡಪಾ ಕಲ್ಲಿನ ಶೆಲ್ಫ್ ಮೇಲಿದೆ.