ಅಂಗಡಿ ಮುಚ್ಚಿದ ಮೇಲೂ ಉಳಿಯುವ ನಡುಕ

2020ರ ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಜಾರಿಯಾದಾಗ ಕರ್ನಾಟಕದ ಮದ್ಯದಂಗಡಿಗಳು ರಾತ್ರೋರಾತ್ರಿ ಬಾಗಿಲು ಹಾಕಿದವು; ಮತ್ತೆ ತೆರೆದದ್ದು ಮೇ 4ರಂದು. ಊರಿನ ಅಂಗಡಿ ಮುಚ್ಚಿದರೆ ಸಾಕೆಂದು ಹರಕೆ ಹೊತ್ತಿದ್ದ ಎಷ್ಟೋ ಮನೆಗಳಿಗೆ ಅದು ನೆಮ್ಮದಿಯ ಸುದ್ದಿಯಾಗಬೇಕಿತ್ತು. ಆದರೆ ಕೆಲವೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಕೈಕಾಲು ನಡುಗುವವರು, ಫಿಟ್ಸ್ ಬಂದವರು, ಇಲ್ಲದ್ದನ್ನು ಕಂಡು ಬೆಚ್ಚಿಬೀಳುವವರು ಮೊದಲಿಗಿಂತ ಹೆಚ್ಚಾಗಿ ಬರತೊಡಗಿದರು. ಮದ್ಯ ಸಿಗದಂತೆ ಮಾಡುವುದು ಬೇರೆ, ಮದ್ಯಕ್ಕೆ ಒಗ್ಗಿದ ದೇಹವನ್ನು ಬಿಡಿಸುವುದು ಬೇರೆ ಎಂಬುದನ್ನು ಆ ವಾರಗಳು ತೋರಿಸಿದವು.

ನಮ್ಮಲ್ಲಿ ಈ ಚರ್ಚೆ ಬಹುಕಾಲ ಅಂಗಡಿಯ ಸುತ್ತಲೇ ತಿರುಗಿದೆ. ಪಾನನಿಷೇಧಕ್ಕೆ ಸರ್ಕಾರಗಳು ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಪೂರಿತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಡವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕೂಲಿಯ ದುಡ್ಡು ಸಂಜೆಯೊಳಗೆ ಪ್ಯಾಕೆಟ್ ಸಾರಾಯಿಗೆ ಹೋಗುವುದನ್ನು ಕಂಡಿದ್ದ ಹೆಣ್ಣುಮಕ್ಕಳು ಅದನ್ನು ಸ್ವಾಗತಿಸಿದ್ದು ಸಹಜ. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂಡಿ ಬಂದವು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಬಲಿಯಾದರು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು, ಗಾಂಧೀಜಿ ಹುತಾತ್ಮರಾದ ದಿನವಾದ 30ರಂದು ರಾಜಧಾನಿ ತಲುಪಿದರು. ಅವರು ಕೇಳಿದ್ದು ದೊರೆಯಲಿಲ್ಲ. ರಾಜ್ಯದ ಅಬಕಾರಿ ಆದಾಯ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ. ಆ ಹೆಂಗಸರ ಕಾಲಿನ ಬೊಬ್ಬೆಗಳಿಗೆ ಯಾವ ಸರ್ಕಾರವೂ ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ ಎಂದೇ ನಾನು ನಂಬಿದ್ದೇನೆ.

ಇನ್ನೊಂದು ಇತಿಹಾಸ ವೈದ್ಯರದು. ಕುಡಿತವನ್ನು ಚಟ, ಕೆಟ್ಟ ಗುಣ ಎಂದಷ್ಟೇ ನೋಡುತ್ತಿದ್ದ ಕಾಲದಲ್ಲಿ, 1804ರಲ್ಲೇ, ಬ್ರಿಟನ್ನಿನ ವೈದ್ಯ ಥಾಮಸ್ ಟ್ರಾಟರ್ ಅದನ್ನು ಕಾಯಿಲೆಯೆಂದು ವಿವರಿಸಿದ್ದರು. ಮದ್ಯವು ಮಿದುಳನ್ನು ಮಂದಗೊಳಿಸುತ್ತದೆ. ದಿನವೂ ಕುಡಿಯುವವರ ಮಿದುಳು ಅದನ್ನು ಸರಿದೂಗಿಸಲು ತಾನೇ ಹೆಚ್ಚು ಉದ್ರೇಕಗೊಂಡು ಕೆಲಸ ಮಾಡಲು ಕಲಿಯುತ್ತದೆ. ಒಮ್ಮೆಲೇ ಮದ್ಯ ನಿಂತರೆ ಆ ಉದ್ರೇಕಕ್ಕೆ ತಡೆಯಿರುವುದಿಲ್ಲ. ಮೊದಲ ದಿನ ನಡುಕ, ಬೆವರು, ನಿದ್ದೆಗೇಡು. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಕೆಲವರಿಗೆ ಭ್ರಮೆ, ಗೊಂದಲ ಉಂಟಾಗಿ ಪ್ರಾಣಕ್ಕೇ ಕುತ್ತಾಗಬಹುದು. ಬೆಳಗಾಗುತ್ತಲೇ ಕೈನಡುಕ ನಿಲ್ಲಿಸಲು ಒಂದು ಗುಟುಕು ಬೇಕಾಗುವವರನ್ನು 'ಮನಸ್ಸು ಗಟ್ಟಿಯಿಲ್ಲ' ಎಂದು ಬೈಯುವುದು ಅನ್ಯಾಯ. ಅವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಅಪಾಯ. ವೈದ್ಯರು ಕೆಲವು ದಿನ ಮಾತ್ರೆಗಳಿಂದ ಉದ್ರೇಕ ತಗ್ಗಿಸುತ್ತಾರೆ, ಕೊರತೆಯಾಗಿರುವ ಥಯಾಮಿನ್ ಜೀವಸತ್ವ ಕೊಡುತ್ತಾರೆ. ಯಕೃತ್ತಿನ ಹಾನಿ, ಕ್ಯಾನ್ಸರ್, ಸಾಲ, ಮನೆಯೊಳಗಿನ ಹೊಡೆತಗಳ ಲೆಕ್ಕ ಇದಕ್ಕೆ ಹೊರತು.

ಬಿಟ್ಟ ಮೇಲೆ ಬಿಟ್ಟೇ ಇರುವ ಬಲ ಎಲ್ಲಿಂದ ಬರುತ್ತದೆ? 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರೇ ಒಬ್ಬರಿಗೊಬ್ಬರು ಆಸರೆಯಾಗಿ, ಕುಡಿತ ಬಿಡಲು ಬಯಸುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದರು. ನಮ್ಮಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ನಡೆಸುತ್ತ ಬಂದಿರುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಲ್ಲೂ ಇದೇ ತಿಳಿವಳಿಕೆ ಕೆಲಸ ಮಾಡುತ್ತದೆ. ಶಿಬಿರ ಮುಗಿಸಿದವರಿಗೆ ಊರಲ್ಲಿ ನವಜೀವನ ಸಮಿತಿಗಳಿವೆ. ಅಲ್ಲಿ ಎದುರು ಕೂರುವವರು ಕೂಡ ಒಮ್ಮೆ ಕುಡಿದವರೇ. ಆಣೆ ಮುರಿದು ಮತ್ತೆ ಕುಡಿದವರು ಅವಮಾನಕ್ಕೆ ಹೆದರಿ ಅಡಗಿಕೊಳ್ಳದೆ ಮರಳಿ ಬರಲು ಅಂಥವರ ಮುಂದೆ ಮಾತ್ರ ಸಾಧ್ಯ. ಮರುಕಳಿಕೆ ಈ ಕಾಯಿಲೆಯ ಸ್ವಭಾವ. ನಾಲ್ಕನೆಯ ಪ್ರಯತ್ನದಲ್ಲಿ ಬಿಟ್ಟವರೂ ಬಿಟ್ಟವರೇ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿಯ ಮನೆಗಳಲ್ಲಿ ಇಂದಿಗೂ ಆಣೆ, ಜಗಳ ಮತ್ತು ಬೆಳಗಿನ ಕೈನಡುಕ ಮಾತ್ರ ಇವೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಸಲಹೆಗಾರರು ಕನ್ನಡದಲ್ಲೇ ಉಚಿತವಾಗಿ ಮಾತನಾಡುತ್ತಾರೆ. ಕುಡಿಯುವವರು ಒಪ್ಪದಿದ್ದರೂ ಅವರ ಹೆಂಡತಿ, ತಾಯಿ ಅಥವಾ ಮಗ ಆ ಕರೆ ಮಾಡಬಹುದು.