ಗಾಡಿಗೆ ಎರಡನೇ ಬ್ಯಾಟರಿ: ರಿಲೇ ಸಾಕಾ, ಚಾರ್ಜರ್ ಬೇಕಾ?

ಪ್ರಶ್ನೆ: ಫ್ರಿಡ್ಜ್, ಲೈಟು ಓಡಿಸಲು ಗಾಡಿಯಲ್ಲಿ ಎರಡನೇ ಬ್ಯಾಟರಿ ಕೂರಿಸಬೇಕು ಅಂತಿದ್ದೇನೆ. ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ನಡುವೆ ಒಂದು ರಿಲೇ (ತಾನೇ ಸೇರಿಸಿ ಬಿಡಿಸುವ ಸ್ವಿಚ್) ಹಾಕಿದರೆ ಸಾಕು ಅಂತ ಕೆಲವರು, ಡಿಸಿ-ಡಿಸಿ ಚಾರ್ಜರ್ (ಬಂದ ವೋಲ್ಟೇಜನ್ನು ಎರಡನೇ ಬ್ಯಾಟರಿಗೆ ಬೇಕಾದಷ್ಟಕ್ಕೆ ಹೊಂದಿಸಿ ಕೊಡುವ ಸಾಧನ) ಇಲ್ಲದೆ ಆಗೋದೇ ಇಲ್ಲ ಅಂತ ಕೆಲವರು. ಯಾವುದು ಸರಿ?

ಉತ್ತರ ನಿಮ್ಮ ಗಾಡಿಯಲ್ಲೇ ಇದೆ. ಏನನ್ನೂ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ಹಿಡಿಯಿರಿ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಚೆನ್ನಾಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟ್ ಮಾಡಿದರೆ 14ರ ಆಸುಪಾಸಿಗೆ ಏರುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಅರ್ಧ ಗಂಟೆ ಗಾಡಿ ಓಡಿಸಿ, ಪಕ್ಕದಲ್ಲಿ ಕೂತವರು ಮೀಟರ್ ನೋಡುತ್ತಿರಲಿ. ಉದ್ದಕ್ಕೂ 13.8ರಿಂದ 14.4ರೊಳಗೇ ಇದ್ದರೆ ಅದು ಹಳೆಯ ಬಗೆಯ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬುವ ಜನರೇಟರ್). ಸಮನಾಗಿ ಹೋಗುವಾಗ 12.5ಕ್ಕೆ ಇಳಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ 15ರ ಹತ್ತಿರ ಜಿಗಿದರೆ ಅದು ಸ್ಮಾರ್ಟ್ ಆಲ್ಟರ್ನೇಟರ್. ಇಂಧನ ಉಳಿಸಲೆಂದು ಕಂಪ್ಯೂಟರ್ ಅದನ್ನು ಏರಿಳಿಸುತ್ತಿರುತ್ತದೆ.

ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಸಾಮಾನ್ಯವಾಗಿ 13.3 ವೋಲ್ಟಿಗೆ ಎರಡು ಬ್ಯಾಟರಿಗಳನ್ನು ಸೇರಿಸಿ, 12.8ಕ್ಕೆ ಬಿಡಿಸುತ್ತದೆ. ಹಳೆಯ ಆಲ್ಟರ್ನೇಟರ್ ಜೊತೆ ಲೆಡ್ ಆಸಿಡ್ ಅಥವಾ ಎಜಿಎಂ (ಲೆಡ್ ಆಸಿಡ್‌ನದೇ ಸೋರದ ಬಗೆ) ಬ್ಯಾಟರಿ ಇದ್ದರೆ ಇದೇ ಸಾಕು, ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ. ಸ್ಮಾರ್ಟ್ ಆಲ್ಟರ್ನೇಟರ್ ಇದ್ದರೆ ದಾರಿಯ ನಡುವೆಯೇ ರಿಲೇ ಬಿಟ್ಟುಬಿಡುತ್ತದೆ. ಇಡೀ ದಿನ ಓಡಿಸಿದರೂ ಎರಡನೇ ಬ್ಯಾಟರಿ ತುಂಬುವುದಿಲ್ಲ. ಅಲ್ಲಿ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು.

ಲಿಥಿಯಂ ಹಾಕುವುದಾದರೂ ಚಾರ್ಜರ್ ಹಾಕಿ ಅಂತಲೇ ಹೇಳುತ್ತೇನೆ. ಲಿಥಿಯಂ ಬ್ಯಾಟರಿ ಕೊಟ್ಟಷ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಲ್ಟರ್ನೇಟರ್‌ಗೆ ಗಾಳಿ ಕಡಿಮೆ, ಹೊರೆ ಜಾಸ್ತಿ. ಕಾದು ಸುಟ್ಟೇ ಹೋಗಬಹುದು. ಇನ್ನೊಂದು ತೊಂದರೆಯೂ ಇದೆ. ತುಂಬಿದ ಲಿಥಿಯಂ ಸುಮ್ಮನಿದ್ದಾಗಲೂ 13.3ರ ಹತ್ತಿರ ಇರುವುದರಿಂದ ಎಂಜಿನ್ ಆಫ್ ಆದಮೇಲೂ ರಿಲೇ ಬಿಡುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಬಾನೆಟ್ ಒಳಗಿನ ಬಿಸಿಯಲ್ಲಿ ಇಡುವುದೂ ಬೇಡ.

ಈಗ ವೈರ್. ಎಲ್ಲರೂ ರಿಲೇ, ಚಾರ್ಜರ್ ಬಗ್ಗೆ ಕೇಳುತ್ತಾರೆ, ವೈರ್ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ನೋಡಿದ ಕೆಲಸಗಳಲ್ಲಿ ಜಾಸ್ತಿ ಕೆಟ್ಟಿದ್ದು ಇಲ್ಲೇ. ಲೆಕ್ಕ ಹಾಕಿ ನೋಡೋಣ. ಮುಂದಿನಿಂದ ಹಿಂದಕ್ಕೆ 5 ಮೀಟರ್, ಮೈನಸ್ ವೈರನ್ನೂ ಅಷ್ಟೇ ಉದ್ದ ಎಳೆದರೆ ಒಟ್ಟು 10 ಮೀಟರ್. ಅದರಲ್ಲಿ 25 ಆಂಪಿಯರ್ ಹರಿಯುತ್ತಿದೆ. 6 ಸ್ಕ್ವೇರ್ ಎಂಎಂ ತಾಮ್ರವಾದರೆ ದಾರಿಯಲ್ಲೇ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. 14.2 ಹೊರಟು 13.5 ತಲುಪಿದರೆ ಬ್ಯಾಟರಿ ಪೂರ್ತಿ ತುಂಬುವುದು ಹೇಗೆ? 16 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.3ಕ್ಕಿಂತ ಕಡಿಮೆ. ಕೊಳ್ಳುವಾಗ ಒಂದು ಎಚ್ಚರ: ಕೆಲವು ವೈರ್‌ಗಳ ಮೇಲೆ ಬರೆದ ಮಿಲಿಮೀಟರ್ ಹೊರಗಿನ ಪ್ಲಾಸ್ಟಿಕ್ ಸೇರಿದ ದಪ್ಪ. ನಿಮಗೆ ಬೇಕಾದ್ದು ಒಳಗಿನ ತಾಮ್ರದ ಅಳತೆ.

ಚಾರ್ಜರ್ ಹಾಕಿದರೆ ಅದನ್ನು ಎರಡನೇ ಬ್ಯಾಟರಿಯ ಪಕ್ಕದಲ್ಲೇ ಕೂರಿಸಿ. ಬರುವ ವೋಲ್ಟೇಜ್ ಸ್ವಲ್ಪ ಕಡಿಮೆಯಾದರೂ ಅದು ಏರಿಸಿಕೊಳ್ಳುತ್ತದೆ. ಆದರೆ ಏರಿಸಲು ಮುಂದಿನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ. 25 ಆಂಪಿಯರ್ ಕೊಡುವ ಚಾರ್ಜರ್, ಒಳಬರುವುದು 12 ವೋಲ್ಟ್ ಆದಾಗ 30 ದಾಟಿ ಎಳೆಯಬಹುದು. ಅದಕ್ಕೇ 40 ಆಂಪಿಯರ್ ಫ್ಯೂಸ್ ಹೊಂದುತ್ತದೆ, ಆದರೂ ಚಾರ್ಜರ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ.

ಫ್ಯೂಸ್ ಒಂದಲ್ಲ, ಎರಡು. ಒಂದು ತುದಿಯಲ್ಲಿ ಹಾಕಿ ಸುಮ್ಮನಾಗುವವರು ತುಂಬ ಜನ. ಈ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ, ಅಲ್ವಾ? ನಡುವೆ ಎಲ್ಲೋ ವೈರ್ ಉಜ್ಜಿ ಗಾಡಿಯ ಲೋಹದ ಮೈಗೆ ತಾಗಿದರೆ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ. ಪ್ರತಿ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ನನ್ನ ಮೊದಲ ಗಾಡಿಯಲ್ಲಿ ಎಂಜಿನ್ ಹಿಂದಿನ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕದೆ ವೈರ್ ತೂರಿಸಿದ್ದೆ. ಕೆಲವು ತಿಂಗಳ ಮೇಲೆ ಬಿಚ್ಚಿ ನೋಡಿದರೆ ಕೆಂಪು ಪ್ಲಾಸ್ಟಿಕ್ ಸವೆದು, ಉಗುರಿನಷ್ಟಗಲ ತಾಮ್ರ ಹೊಳೆಯುತ್ತಿತ್ತು. ಆ ತಗಡಿನ ಅಂಚು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮೈನಸ್ ವೈರನ್ನು ನೇರವಾಗಿ ಮೊದಲ ಬ್ಯಾಟರಿಯ ಮೈನಸ್ ಕಂಬಕ್ಕೆ ಕಟ್ಟಬೇಡಿ. ಹೊಸ ಗಾಡಿಗಳಲ್ಲಿ ಅಲ್ಲೊಂದು ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ, ಅದರ ಲೆಕ್ಕ ತಪ್ಪುತ್ತದೆ. ಗಾಡಿಯ ಲೋಹದ ಮೈಗೆ ಕಟ್ಟಿ, ಅಲ್ಲಿ ಬಣ್ಣ ಕೆರೆದು ಬರೀ ಲೋಹ ಕಾಣುವಂತೆ ಮಾಡಿ.

ಕೆಲಸಕ್ಕೆ ಇಳಿಯುವಾಗ ಬೆರಳಿನ ಉಂಗುರ ತೆಗೆದಿಡಿ. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಲಗ್‌ಗಳನ್ನು (ವೈರ್ ತುದಿಯ ಲೋಹದ ಕೊಂಡಿ) ಸುತ್ತಿಗೆಯಲ್ಲಿ ಜಜ್ಜಬೇಡಿ, ಅವನ್ನು ಒತ್ತಿ ಕೂರಿಸುವ ಸರಿಯಾದ ಕ್ರಿಂಪರ್ ಬಾಡಿಗೆಗಾದರೂ ತನ್ನಿ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ.

ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಓಡಿಸಿ, ಎಂಜಿನ್ ಆಫ್ ಮಾಡಿ, ಒಂದೊಂದೇ ಲಗ್‌ನ ಹತ್ತಿರ ಹುಷಾರಾಗಿ ಬೆರಳು ತನ್ನಿ. ಉಳಿದವೆಲ್ಲ ಸುಮಾರಾಗಿದ್ದು ಒಂದು ಮಾತ್ರ ಬಿಸಿಯಾಗಿದ್ದರೆ, ಅದನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ.